ಹತ್ತು ಗೆರೆಯ ದೀಪ

ಅಕ್ಟೋಬರ್ 4

ಮಗಳೇ,

ಮೂರನೇ ಗಂಟೆ ಹೊಡೆಯಿತು ಎಂದುಕೋ. ಸಭಾಂಗಣದಲ್ಲಿ ಕೆಮ್ಮು ನಿಂತಿದೆ. ಪರದೆ ಮೇಲೇಳುತ್ತಿದೆ. ವೇದಿಕೆಯ ನಟ್ಟನಡುವೆ ಒಂದು ಗಾಜಿನ ತೊಟ್ಟಿ, ತೊಟ್ಟಿಯೊಳಗೆ ಇಡೀ ಸಮುದ್ರ. ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುವ ಮಹಾಶಯರು ಯಾರು ಎಂದೆಯಾ? ನಿನ್ನ ಅಪ್ಪ.

ಹೌದು, ಮನೆಯಲ್ಲಿ ಹವಳದ ತೊಟ್ಟಿ ಇಡುವುದೆಂದು ತೀರ್ಮಾನಿಸಿದ್ದೇನೆ. ಬರೀ ಮೀನಿನದ್ದಲ್ಲ. ಉಪ್ಪುನೀರು, ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ. ಹನ್ನೊಂದು ವರ್ಷದಿಂದ ಮತ್ಸ್ಯಾಲಯದಲ್ಲಿ ಹವಳ ಸಾಕುತ್ತಿರುವ ಮಗಳಿದ್ದೂ ಅಪ್ಪನಿಗೆ ಅದರ ಗಂಧಗಾಳಿ ಇಲ್ಲವೆಂದರೆ ನಾಟಕಶಾಲೆಯಲ್ಲಿ ನಾನು ತಲೆ ಎತ್ತಿ ತಿರುಗುವುದು ಹೇಗೆ?

ಫೋನ್ ಮಾಡಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ನೀನು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯುತ್ತೀಯ, ಎರಡನೇ ಮಾತಿಗೆ ಅಮ್ಮನಿಗೆ ಕೊಡಿ ಅನ್ನುತ್ತೀಯ. ಕಾಗದಕ್ಕೆ ಗಂಟಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಟ್ಟಿ ಆಗಲೇ ಸಿಕ್ಕಿದೆ. ಕಳೆದ ನಾಟಕದಲ್ಲಿ ಶ್ರೀಮಂತನ ಮನೆಯ ದೃಶ್ಯಕ್ಕೆಂದು ಮಾಡಿಸಿದ್ದು. ಸಾಮಾನು ಕೋಣೆಯವನು ಒಯ್ಯಿರಿ ಎಂದ. ದೀಪದ ಚಿಂತೆಯಂತೂ ನಿನಗೆ ಬೇಡ. ಮೂವತ್ತೊಂದು ವರ್ಷ ನಾಟಕಗಳಿಗೆ ದೀಪ ಹಾಕಿದವನಿಗೆ ದೀಪದ ಪಾಠ ಯಾರೂ ಹೇಳಬೇಕಾಗಿಲ್ಲ. ಪಾತ್ರವರ್ಗವನ್ನೂ ಆರಿಸಿಟ್ಟಿದ್ದೇನೆ. ಪುಸ್ತಕದಲ್ಲಿ ನೋಡಿದ ಆ ನೀಲಿ ಮೀನು ನಾಯಕ. ಮೈತುಂಬ ಮುಳ್ಳು ಬಿಚ್ಚಿಕೊಂಡು ಬರುವ ಸಿಂಹಮೀನು ಖಳನಾಯಕ. ಕಡಲಕುದುರೆ ಒಂದು ಜೋಡಿ, ನಕ್ಷತ್ರಮೀನು ಒಂದು, ಅಲುಗಾಡುವ ಸಮುದ್ರದ ಹೂವು ಒಂದು. ಹಾಸ್ಯಕ್ಕೆ ಕಿತ್ತಳೆ ಬಣ್ಣದ ಪಟ್ಟೆಮೀನು ಎರಡು.

ಏನೇನು ಸಾಮಾನು ಬೇಕು ಬರೆ. ಮೊಮ್ಮಗಳು ಸಾಸಿವೆಗೆ ಹವಳವೆಂದರೆ ಪ್ರಾಣ ಎಂದು ನಿಮ್ಮಮ್ಮ ಹೇಳಿದಳು. ಸುಮ್ಮನೆ ಬರೆದೆ ಅಷ್ಟೆ. ಅದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ದೀಪಗಳ ಒಡೆಯ, ಪರದೆಗಳ ಮಿತ್ರ,
ನಿನ್ನ ಅಪ್ಪ

(ಅಂಚಿನಲ್ಲಿ, ಬೇರೆ ಕೈಬರಹ:) ಇವರು ತೊಟ್ಟಿ ಇಡಬೇಕೆಂದಿರೋ ಜಾಗದಲ್ಲಿ ನನ್ನ ಹೊಲಿಗೆ ಮೆಷಿನ್ ಇದೆ. ನೆನಪಿರಲಿ. ಅಮ್ಮ.


ಅಕ್ಟೋಬರ್ 13

ಅಪ್ಪಾ,

ನಾಟಕದ ತೊಟ್ಟಿ ಬೇಡ. ಅದರ ಗಾಜು ನೋಡಲಿಕ್ಕೆ ಮಾಡಿದ್ದು, ನೀರು ಹೊರಲಿಕ್ಕಲ್ಲ. ತುಂಬಿದ ದಿನವೇ ಸೀಳಿ, ಕೆಳಗಿನ ಸೈಕಲ್ ಅಂಗಡಿಯವರಿಗೆ ನಿಂತಲ್ಲೇ ಸಮುದ್ರಸ್ನಾನ ಆಗುತ್ತದೆ.

ಸಣ್ಣ ತೊಟ್ಟಿ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಮಾಡಿದ ತಪ್ಪು ಬೇಗ ಊರೆಲ್ಲ ಹರಡುತ್ತದೆ. ಎಂಬತ್ತು ಲೀಟರಿಗಿಂತ ಚಿಕ್ಕದನ್ನು ಮುಟ್ಟಬೇಡಿ. ನೀರು, ಕಲ್ಲು, ಗಾಜು ಸೇರಿ ನೂರು ಕಿಲೋ ದಾಟುತ್ತದೆ, ಆದ್ದರಿಂದ ಗೋಡೆಗೆ ಒತ್ತಿದ ಗಟ್ಟಿ ಸ್ಟ್ಯಾಂಡು. ಅಮ್ಮನ ಮೆಷಿನ್ ಅಲ್ಲೇ ಇರಲಿ. ತೊಟ್ಟಿಗೆ ಕಿಟಕಿಯ ಬಿಸಿಲು ಬೀಳದ ಎದುರಿನ ಗೋಡೆ ಸರಿ.

ಒಂದು ಹೀಟರ್, ಅದನ್ನು ನಂಬದೆ ಬೇರೆ ಒಂದು ಥರ್ಮಾಮೀಟರ್. ನೀರನ್ನು ಆಡಿಸಲು ಎದುರುಬದುರಾಗಿ ಎರಡು ಸಣ್ಣ ಪಂಪು. ಉಪ್ಪಿನ ಅಂಶ ನೋಡುವ ಉಪಕರಣ. ಸಮುದ್ರದ ತೊಟ್ಟಿಗೆಂದೇ ಮಾರುವ ಉಪ್ಪು, ಅಡುಗೆಯದ್ದಲ್ಲ. ನಲ್ಲಿ ನೀರಲ್ಲ, ಶುದ್ಧ ಮಾಡಿದ ನೀರು. ನೀರು ಪರೀಕ್ಷಿಸುವ ಕಿಟ್. ಮೇಲೆ ಬಲೆಯ ಮುಚ್ಚಳ, ಇಲ್ಲದಿದ್ದರೆ ಮೀನು ನೆಗೆದು ನೆಲಕ್ಕೆ ಬೀಳುತ್ತದೆ.

ಪಾತ್ರವರ್ಗ. ನೀಲಿ ಮೀನು ಅಂಗೈಗಿಂತ ದೊಡ್ಡದಾಗಿ ಬೆಳೆಯುತ್ತದೆ, ಅದಕ್ಕೆ ಈ ತೊಟ್ಟಿ ಬಚ್ಚಲುಮನೆ. ಸಿಂಹಮೀನು ಮಿಕ್ಕ ಪಾತ್ರಗಳನ್ನೆಲ್ಲ ತಿಂದು ಒಬ್ಬನೇ ನಾಟಕ ಮುಗಿಸುತ್ತದೆ. ಕಡಲಕುದುರೆ ಸೆಳೆತದಲ್ಲಿ ಆಹಾರ ಹಿಡಿಯಲಾರದು. ನಕ್ಷತ್ರಮೀನು ಹೊಸ ತೊಟ್ಟಿಯಲ್ಲಿ ಹಸಿದು ಸಾಯುತ್ತದೆ. ಸಮುದ್ರದ ಹೂವು ಮನಸ್ಸು ಬಂದ ಕಡೆ ನಡೆದುಕೊಂಡು ಹೋಗಿ ಪಂಪಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಉಳಿದವರು ನಿಮ್ಮ ಹಾಸ್ಯಗಾರರಿಬ್ಬರೇ. ಅವರೂ ಡಿಸೆಂಬರಿಗೆ ಮೊದಲು ಬೇಡ.

ದೀಪದ ಪಾಠ ಬೇಡ ಎಂದಿದ್ದೀರಿ. ಆದರೂ ಕೇಳಿ. ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ ಇರುವ ದೀಪವನ್ನೇ ತನ್ನಿ. ಅದನ್ನು ಹತ್ತು ಗೆರೆ ಮಾಡಿಕೊಳ್ಳಿ. ಹವಳ ಬಂದ ದಿನ ಎರಡನೇ ಗೆರೆಯಲ್ಲಿ ಶುರು. ವಾರಕ್ಕೆ ಒಂದೇ ಗೆರೆ ಏರಿಸಬೇಕು. ಆರು ದಾಟಬಾರದು.

ಸಾಸಿವೆ ಚೆನ್ನಾಗಿದ್ದಾಳೆ. ನೀವು ಸುಮ್ಮನೆ ಬರೆದದ್ದಲ್ಲ ಎಂದು ಗೊತ್ತು, ಆದ್ದರಿಂದ ನಾನೂ ನೇರವಾಗಿ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಅವಳ ಏಳನೇ ಹುಟ್ಟುಹಬ್ಬಕ್ಕೆ ನಿಮ್ಮ ಮನೆಗೆ ಬಂದಿದ್ದೆವು. ಅವಳು ಹೊಸಬರೆದುರು ಬಾಯಿ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ನೀವು ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನಾಟಕಶಾಲೆಯಿಂದ ತಂದ ದೀಪವನ್ನು ಮುಖಕ್ಕೆ ಬಿಟ್ಟು, ಇಪ್ಪತ್ತು ಜನರೆದುರು ಪದ್ಯ ಹೇಳು ಎಂದಿರಿ. ಮನೆಗೆ ಹೋದ ಮೇಲೆ ಹತ್ತೊಂಬತ್ತು ದಿನ ಅವಳು ನನ್ನ ಹತ್ತಿರವೂ ಮಾತಾಡಲಿಲ್ಲ.

ಇದು ಅವಳ ತೊಟ್ಟಿ ಎಂದು ನೀವು ಬರೆದಿಲ್ಲ, ಆದರೆ ನಾನು ಓದಿದ್ದು ಹಾಗೇ. ಸರಿ. ಮಾರ್ಚ್ ಕೊನೆಯವರೆಗೆ ನಾನು ಹೇಳಿದ ಹಾಗೆ, ಅವಸರ ಮಾಡದೆ, ಒಂದು ಜೀವವನ್ನೂ ಹಾಳು ಮಾಡದೆ ಅದನ್ನು ನಡೆಸಿದರೆ, ದೊಡ್ಡ ರಜೆಗೆ ಅವಳನ್ನು ಮೂರು ವಾರ ಕಳಿಸುತ್ತೇನೆ. ಇಲ್ಲದಿದ್ದರೆ ಅಮ್ಮ ಈಗ ಬರುವ ಹಾಗೆ ಇಲ್ಲಿಗೇ ಬಂದು ಹೋಗಲಿ.

ನಿಮ್ಮ ಮಗಳು


ನವೆಂಬರ್ 6

ಮಗಳೇ,

ಷರತ್ತು ಒಪ್ಪಿದ್ದೇನೆ. ನಿನ್ನ ಕೊನೆಯ ಪುಟವನ್ನು ಎರಡನೇ ಸಲ ಓದಲಿಲ್ಲ. ಒಂದೇ ಸಲಕ್ಕೆ ಬಾಯಿಪಾಠವಾಯಿತು.

ಈಗ ವರದಿ. ತೊಟ್ಟಿ ಬಂತು, ತೊಂಬತ್ತು ಲೀಟರಿನದ್ದು. ಸ್ಟ್ಯಾಂಡಿನ ಒಂದು ಕಾಲು ಕೂದಲೆಳೆಯಷ್ಟು ಗಿಡ್ಡವಿತ್ತು, ರಸಮಟ್ಟ ಇಟ್ಟು ಸರಿಮಾಡಿದೆ. ಬಕೆಟಿನಲ್ಲಿ ಉಪ್ಪು ಕದಡಿ ಇಡೀ ದಿನ ಪಂಪು ಓಡಿಸಿದೆ. ನಿನ್ನ ಆ ದುರ್ಬೀನಿನಂಥ ಉಪಕರಣಕ್ಕೆ ಒಂದು ಹನಿ ಹಾಕಿ ಕಿಟಕಿಯ ಬೆಳಕಿಗೆ ಹಿಡಿದರೆ, ನೀಲಿ ಅಂಚು ಸರಿಯಾಗಿ ಮೂವತ್ತೈದರ ಮೇಲೆ ಬಂದು ನಿಂತಿತು. ನಾಯಕಿ ಗುರುತು ಹಾಕಿದ ಜಾಗಕ್ಕೆ ಬಂದು ನಿಂತ ಹಾಗೆ.

ಅಂಗಡಿಯವನು ಮಹಾ ಅವಸರದ ಮನುಷ್ಯ. ಎಂಟು ದಿನದಲ್ಲಿ ಮೀನು ಬಿಡಿ ಎಂದ, ಈ ಬಾಟಲಿ ಸುರಿದರೆ ನಾಳೆಯೇ ಬಿಡಿ ಎಂದ. ನಾನು ಜೇಬಿನಿಂದ ನಿನ್ನ ಪತ್ರ ತೆಗೆದು, ಮೀನಿನ ಭಾಗವನ್ನು ಅವನೆದುರು ಓದಿದೆ. ನನ್ನ ಓದು ನಿನಗೆ ಗೊತ್ತಲ್ಲ. ಪಕ್ಕದಲ್ಲಿದ್ದ ಇಬ್ಬರು ಗಿರಾಕಿಗಳು ಕೈಯಲ್ಲಿದ್ದ ಬಾಟಲಿ ವಾಪಸ್ ಇಟ್ಟರು. ಅವನು ಈಗ ನನ್ನನ್ನು ಕಂಡರೆ ಹಿಂದಿನ ಬಾಗಿಲಿಗೆ ಹೋಗುತ್ತಾನೆ.

ಅಲ್ಲಿಂದ ಎರಡು ವಾರವಾಯಿತು, ಕಲ್ಲು ನೋಡುತ್ತಿದ್ದೇನೆ. ಖಾಲಿ ವೇದಿಕೆ. ಮರಳು, ಆರು ಕಲ್ಲು, ನೀರು. ದಿನ ಬಿಟ್ಟು ದಿನ ಗಾಜಿನ ನಳಿಗೆಯಲ್ಲಿ ನೀರು ತೆಗೆದು ಔಷಧಿ ಹನಿಸುತ್ತೇನೆ. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಇವತ್ತೂ ಹಸಿರೇ. ನೀರು ಆರಿಹೋದದ್ದಕ್ಕೆ ಉಪ್ಪಿಲ್ಲದ ನೀರೇ ಸೇರಿಸುತ್ತಿದ್ದೇನೆ, ಗಾಜಿಗೆ ಟೇಪಿನ ಗುರುತು ಅಂಟಿಸಿದ್ದೇನೆ. ಕೆಳಗಿನ ಸೈಕಲ್ ಅಂಗಡಿಯವನು ಮೇಲೆ ಬಂದು, ಮೀನು ಎಲ್ಲಿ ಸಾರ್ ಎಂದು ಕೇಳಿದ. ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿವೆ ಎಂದೆ.

ಕಲ್ಲುಗಳ ಕಾವಲುಗಾರ,
ನಿನ್ನ ಅಪ್ಪ

(ಅಂಚಿನಲ್ಲಿ:) ಮದುವೆಯಾದ ಮೇಲೆ ಇವರು ಒಂದೇ ಕಡೆ ಅರ್ಧ ಗಂಟೆ ಬಾಯಿ ಮುಚ್ಚಿ ಕೂತದ್ದು ಇದೇ ಮೊದಲು. ಕಲ್ಲಾದರೂ ಪರವಾಗಿಲ್ಲ, ಇರಲಿ. ಅಮ್ಮ.


ನವೆಂಬರ್ 19

ಅಪ್ಪಾ,

ಹಸಿರು ಹಳದಿಯಾಗುವವರೆಗೆ ಕಾಯಿರಿ, ಆ ವಿಷ ತಿನ್ನುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ಬೆಳೆಯಲು ಅಷ್ಟು ದಿನ ಬೇಕು. ಕಲ್ಲಿನ ಮೇಲೆ ಕಂದು ಪಾಚಿ ಹಬ್ಬುತ್ತದೆ, ಗಾಬರಿಯಾಗಬೇಡಿ. ಹಳದಿ ಬಂದ ವಾರ ಬಸವನಹುಳು ನಾಲ್ಕು, ಶಂಖದೊಳಗೆ ಮನೆಮಾಡುವ ಸಣ್ಣ ಏಡಿ ಎರಡು ತನ್ನಿ. ಪಾಚಿ ಗುಡಿಸುವ ಕೆಲಸ ಅವರದ್ದು.

ಮೀನು ಕೊಳ್ಳುವಾಗ ಬಣ್ಣ ನೋಡಬೇಡಿ. ನಿಮ್ಮೆದುರೇ ಆಹಾರ ಹಾಕಿಸಿ. ತಿನ್ನದ ಮೀನನ್ನು ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬನ್ನಿ. ಸಮುದ್ರದಲ್ಲಿ ಹಿಡಿದದ್ದೋ, ತೊಟ್ಟಿಯಲ್ಲೇ ಹುಟ್ಟಿದ್ದೋ ಕೇಳಿ. ತೊಟ್ಟಿಯಲ್ಲೇ ಹುಟ್ಟಿದ್ದು ಬೇಕು.

ಬಣ್ಣ ಹಚ್ಚಿಕೊಳ್ಳುವ ಮಾತಿಗೆ ಸಾಸಿವೆ ನಕ್ಕಳು. ನಿಮ್ಮ ಪತ್ರಗಳನ್ನು ಅವಳು ನನಗಿಂತ ಮೊದಲು ಒಡೆಯುತ್ತಾಳೆ.

ನಿಮ್ಮ ಮಗಳು


ಡಿಸೆಂಬರ್ 17

ಮಗಳೇ,

ಹಳದಿ. ಶುದ್ಧ ಹಳದಿ, ಸತತ ಮೂರು ಸಲ. ಆ ನಳಿಗೆಯನ್ನು ನಾಟಕಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದೆ. ಬಣ್ಣ ಬಳಿಯುವವನು ಇದೇನು ಮಹಾ, ಡಬ್ಬದಲ್ಲಿದೆ ಎಂದ. ಅವನ ಜೊತೆ ಮಾತು ಬಿಟ್ಟಿದ್ದೇನೆ.

ಗುಡಿಸುವವರು ಬಂದು ಕೆಲಸ ಹಿಡಿದರು. ಹಾಸ್ಯಗಾರರನ್ನು ಆರಿಸಲು ಮೂರು ಸಲ ಅಂಗಡಿಗೆ ಹೋದೆ. ಮೊದಲ ಸಲ ಅವು ತಿನ್ನಲಿಲ್ಲ, ಬಂದುಬಿಟ್ಟೆ. ಮೂರನೇ ಸಲ ಅಂಗಡಿಯವನು ತಾನಾಗಿಯೇ ಡಬ್ಬಿ ತಂದು, ನೋಡಿ ಸ್ವಾಮಿ ಊಟ ಮಾಡ್ತಾ ಇವೆ ಎಂದ. ತಂದೆ. ಈಗ ದೊಡ್ಡದು ಹೆಂಡತಿ, ಚಿಕ್ಕದು ಗಂಡ. ಗಂಡ ಹೆಂಡತಿಯ ಹಿಂದೆ ನಡುಗಿಕೊಂಡು ಸುತ್ತುತ್ತಾನೆ. ನಿಮ್ಮಮ್ಮನಿಗೆ ಈ ಜೋಡಿ ಬಹಳ ಹಿಡಿಸಿದೆ.

ನೀನು ಹೇಳದೆ ಒಂದು ಕೆಲಸ ಮಾಡಿದೆ, ಬೈಯಬೇಡ. ಒಂದು ಕಾವಲು ಮೀನು, ಒಂದು ಸೀಗಡಿ ತಂದೆ. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಅದು ಮರಳಲ್ಲಿ ಬಿಲ ತೋಡುತ್ತದೆ, ಮೀನು ಬಾಗಿಲಲ್ಲಿ ನಿಂತು ಕಾಯುತ್ತದೆ, ಸೀಗಡಿ ತನ್ನ ಮೀಸೆಯನ್ನು ಸದಾ ಮೀನಿನ ಮೈಗೆ ತಾಗಿಸಿಟ್ಟಿರುತ್ತದಂತೆ. ಅಂತೆ ಎಂದೆ, ಯಾಕೆಂದರೆ ನಾನು ನೋಡಿಲ್ಲ. ಬಿಟ್ಟ ಕ್ಷಣವೇ ಎರಡೂ ಕಲ್ಲಿನಡಿ ಮಾಯ. ಇವತ್ತಿಗೆ ಐದು ದಿನ. ಸತ್ತಿವೆಯೋ ಎಂದು ಎದೆ ಹೊಡೆದುಕೊಳ್ಳುತ್ತಿದೆ. ನಾಳೆ ಕಲ್ಲೆತ್ತಿ ಟಾರ್ಚ್ ಹಾಕಿ ನೋಡಿಬಿಡಲೇ?

ಆತಂಕದಲ್ಲಿರುವ ಸೂತ್ರಧಾರ,
ನಿನ್ನ ಅಪ್ಪ


ಡಿಸೆಂಬರ್ 24

ಅಪ್ಪಾ,

ನಾಳೆ ಎಂದು ಬರೆದದ್ದನ್ನು ಈಗಾಗಲೇ ಮಾಡಿರದಿದ್ದರೆ, ಮಾಡಬೇಡಿ. ಹೊಸ ಜಾಗಕ್ಕೆ ಬಂದ ಮೀನು ಅಡಗುತ್ತದೆ. ಅದರ ಬುದ್ಧಿಯೇ ಹಾಗೆ, ಅದರಲ್ಲಿ ಸರಿಮಾಡುವಂಥದ್ದು ಏನೂ ಇಲ್ಲ. ಬಿಲದ ಹತ್ತಿರ ಸ್ವಲ್ಪ ಆಹಾರ ಬಿಡಿ. ನೀವು ನಿಮ್ಮ ಕೆಲಸ ನೋಡಿಕೊಳ್ಳುತ್ತ ಅದೇ ಕೋಣೆಯಲ್ಲಿರಿ.

ಅಜ್ಜ ಅದನ್ನು ಕೂಗಿ ಕರೀತಾರಾ ಎಂದು ಸಾಸಿವೆ ಕೇಳಿದಳು. ಗೊತ್ತಿಲ್ಲ ಎಂದೆ.

ನಿಮ್ಮ ಮಗಳು


ಜನವರಿ 29

ಮಗಳೇ,

ಕೂಗಲಿಲ್ಲ ಎಂದು ಅವಳಿಗೆ ಹೇಳು. ಕಲ್ಲನ್ನೂ ಎತ್ತಲಿಲ್ಲ.

ಹತ್ತೊಂಬತ್ತನೇ ದಿನ ನಾನು ನೆಲದ ಮೇಲೆ ಕೂತು ನಾಟಕಶಾಲೆಯ ಹಳೇ ವೈರಿಗೆ ಟೇಪು ಸುತ್ತುತ್ತಿದ್ದೆ. ತಲೆ ಎತ್ತಿದರೆ ಬಿಲದ ಬಾಯಲ್ಲಿ ಒಂದು ಮುಖ. ಹಳದಿ ಮೀನು, ಗಂಭೀರ, ಟಿಕೆಟ್ ಹರಿಯುವವನ ಹಾಗೆ. ಅದರ ಹಿಂದೆ ಸೀಗಡಿ ಬುಲ್ಡೋಜರಿನಂತೆ ಮರಳು ನೂಕಿಕೊಂಡು ಬಂತು, ಒಂದು ಮೀಸೆ ಮೀನಿನ ಬಾಲದ ಮೇಲೆ. ನಿಮ್ಮಮ್ಮ ಅಡುಗೆಮನೆಯಿಂದ ಏನೋ ಕೇಳಿದಳು. ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಮೀನು ಇರುತ್ತಿರಲಿಲ್ಲ.

ನೀನು ಸಹೋದ್ಯೋಗಿಯ ಕೈಲಿ ಕಳಿಸಿದ ಪೆಟ್ಟಿಗೆ ಹದಿನೈದರಂದು ತಲುಪಿತು. ಚೀಲದ ನೀರಿಗೆ ನನ್ನ ನೀರನ್ನು ಲೋಟ ಲೋಟವಾಗಿ ಬೆರೆಸಿ, ಒಂದು ಗಂಟೆ ಕಾದು, ಹವಳವನ್ನು ಎಡಗಡೆಯ ಕಲ್ಲಿನ ಮೇಲೆ ಕೂರಿಸಿದೆ. ಹಸಿರು ಬೆರಳಿನ ಹವಳ. ನಿಮ್ಮ ಮತ್ಸ್ಯಾಲಯದಲ್ಲಿ ಬೆಳೆದು ಹೆಚ್ಚಾದ ಗೊಂಚಲಿನಿಂದ ಸಾಸಿವೆಯೇ ಈ ತುಂಡನ್ನು ಆರಿಸಿದಳು ಎಂದು ಚೀಟಿಯಲ್ಲಿ ಬರೆದಿದ್ದೀಯ. ಆ ಚೀಟಿ ನನ್ನ ಕನ್ನಡಕದ ಡಬ್ಬಿಯಲ್ಲಿದೆ.

ದೀಪದ ಗುಂಡಿಯ ಸುತ್ತ ಕಾಗದ ಅಂಟಿಸಿ ಹತ್ತು ಗೆರೆ ಎಳೆದಿದ್ದೇನೆ. ಈಗ ನಾಲ್ಕನೆಯದರಲ್ಲಿದೆ. ಹವಳ ಬೆರಳು ಚಾಚಿ ತೂಗುತ್ತಿದೆ. ನಾಟಕಕ್ಕೆ ನಾಯಕಿ ಬಂದಳು.

ನಿನ್ನ ಅಪ್ಪ


ಮಾರ್ಚ್ 2

ಮಗಳೇ,

ಎಲ್ಲ ಕ್ಷೇಮ. ಮೀನುಗಳು ಕ್ಷೇಮ, ಬಸವನಹುಳು ಕ್ಷೇಮ, ನೀರು ಹಳದಿ. ಈ ತಿಂಗಳು ನಾಟಕಶಾಲೆಯಲ್ಲಿ ಕೆಲಸ ಜಾಸ್ತಿ, ಆದ್ದರಿಂದ ಪತ್ರ ಸಣ್ಣದು. ಒಂದು ಫೋಟೋ ಇಟ್ಟಿದ್ದೇನೆ. ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಬಂದಿದ್ದಾರೆ.

ಅಪ್ಪ


ಮಾರ್ಚ್ 9

ಅಪ್ಪಾ,

ಫೋಟೋ ನೋಡಿದೆವು. ಎಡಗಡೆಯ ಕಲ್ಲಿನ ಮೇಲೆ ಹಸಿರು ಹವಳ ಕಾಣಿಸಲಿಲ್ಲ.

ಮೊದಲು ನೋಡಿದವಳು ಸಾಸಿವೆ.

ನಿಮ್ಮ ಮಗಳು


ಮಾರ್ಚ್ 18

ಕಣ್ಣೇ,

ನಿಮ್ಮಿಬ್ಬರ ನಡುವೆ ನಾನು ಬರೋದಿಲ್ಲ ಅಂತ ಎರಡು ವರ್ಷದ ಹಿಂದೆಯೇ ಹೇಳಿದ್ದೀನಿ, ಈಗಲೂ ಬರೋದಿಲ್ಲ. ಏನಾಯ್ತು ಅಂತ ಅವರೇ ಬರೀಬೇಕು. ಇಷ್ಟು ಮಾತ್ರ ಹೇಳ್ತೀನಿ. ವಾರದಿಂದ ಮನೆಯಲ್ಲಿ ಗಂಟಲು ಕೇಳ್ತಿಲ್ಲ. ಸೈಕಲ್ ಅಂಗಡಿಯವನು ಮೇಲೆ ಬಂದು ಸಾರ್ ಊರಲ್ಲಿ ಇಲ್ವಾ ಅಂದ. ಸಾರ್ ತೊಟ್ಟಿ ಮುಂದೆಯೇ ಕೂತಿದ್ದರು.

ಆರು ಹಾಳೆ ಹರಿದು ಹಾಕಿದ್ದಾರೆ. ಏಳನೆಯದು ಬರುತ್ತೆ. ಕಾಯಿ.

ಅಮ್ಮ


ಮಾರ್ಚ್ 21

ಮಗಳೇ,

ಹವಳ ಬಲಗಡೆಯ ಕಲ್ಲಿನ ಹಿಂದಿದೆ. ಫೋಟೋ ತೆಗೆಯುವ ಮೊದಲು ನಾನೇ ಅಲ್ಲಿಟ್ಟೆ. ಅದು ಬೆಳ್ಳಗಾಗಿದೆ.

ಫೆಬ್ರವರಿ ಕೊನೆಗೆ ನಾಟಕಶಾಲೆಯವರು ತೊಟ್ಟಿ ನೋಡಲು ಬಂದರು. ಸಾಮಾನು ಕೋಣೆಯವನು, ಪರದೆ ಎಳೆಯುವವನು, ಆ ಬಣ್ಣದವನೂ ಬಂದಿದ್ದ. ದೀಪ ಆರನೇ ಗೆರೆಯಲ್ಲಿತ್ತು. ಇದೇನು ಗುರುಗಳೇ, ನೀವು ಹಾಕಿದ ದೀಪ ಇಷ್ಟು ಮಬ್ಬಾ ಎಂದ ಬಣ್ಣದವನು. ಅಷ್ಟೇ ಅವನು ಅಂದದ್ದು. ನನ್ನ ತಲೆ ತಿರುಗಿತು. ಅಟ್ಟದ ಮೇಲಿಂದ ಸಾವಿರ ವ್ಯಾಟಿನ ಹಳೇ ದೀಪ ಇಳಿಸಿದೆ. ಕುರ್ಚಿಯ ಮೇಲೆ ಕುರ್ಚಿಯಿಟ್ಟು ಅದಕ್ಕೆ ಕಟ್ಟಿ, ಬಲೆ ತೆಗೆದು, ನೇರವಾಗಿ ನಾಯಕಿಯ ಮೇಲೆ ಬಿಟ್ಟೆ. ನಿಜ ಹೇಳುತ್ತೇನೆ, ಅಂಥ ಹಸಿರನ್ನು ನಾನು ಜನ್ಮದಲ್ಲಿ ನೋಡಿಲ್ಲ. ಚಪ್ಪಾಳೆ ಬಿತ್ತು. ಎರಡು ಗಂಟೆ ಇಟ್ಟೆ. ಮಾರನೇ ದಿನ ಮತ್ತೆ ಯಾರೋ ಬಂದರು, ಮತ್ತೆ ಹಾಕಿದೆ. ಮೂರನೇ ದಿನ ಯಾರೂ ಬರಲಿಲ್ಲ, ನನಗೋಸ್ಕರ ಹಾಕಿದೆ. ನೀರಿನ ಶಾಖ ಮೂವತ್ತೊಂದು ದಾಟಿದ್ದು ಆಗ ನೋಡಿದೆ.

ಇಷ್ಟು ಬರೆದರೆ ಸಾಕಿತ್ತು. ಆದರೆ ಇನ್ನೊಂದಿದೆ, ಆರು ಹಾಳೆ ಹರಿದದ್ದು ಅದಕ್ಕೇ.

ಮೊದಲ ದಿನ ದೀಪ ಬಿದ್ದ ಕೂಡಲೇ ಆ ಹವಳ ಬೆರಳನ್ನೆಲ್ಲ ಒಳಗೆಳೆದುಕೊಂಡಿತು. ಎಲ್ಲರೂ ನೋಡಿದ್ದು ಬಣ್ಣವನ್ನು. ನಾನು ಇದನ್ನೂ ನೋಡಿದೆ, ಮೂವತ್ತೊಂದು ವರ್ಷ ದೀಪದಡಿ ನಿಂತವರ ಮುಖ ನೋಡಿದವನು ನಾನು. ಹಾಗೆ ಒಳಗೆಳೆದುಕೊಂಡ ಒಂದು ಮುಖವನ್ನು ಅದೇ ಕೋಣೆಯಲ್ಲಿ, ಆ ಸ್ಟೂಲಿನ ಮೇಲೆ, ಮೊದಲೂ ನೋಡಿದ್ದೆ. ಆಗಲೂ ದೀಪ ಆರಿಸಲಿಲ್ಲ.

ಷರತ್ತು ಸೋತಿದ್ದೇನೆ. ಈ ರಜೆಗೆ ಅವಳನ್ನು ಕಳಿಸಬೇಡ. ಹವಳಕ್ಕೆ ಇನ್ನು ಮಾಡುವುದು ಏನಾದರೂ ಇದ್ದರೆ ಅದನ್ನು ಮಾತ್ರ ಬರೆ.

ಅಪ್ಪ


ಮಾರ್ಚ್ 30

ಅಪ್ಪಾ,

ಬಿಳಿಯಾಗಿದೆ ಎಂದರೆ ಸತ್ತಿದೆ ಎಂದಲ್ಲ. ಹವಳದ ಬಣ್ಣ ಬಹುಮಟ್ಟಿಗೆ ಅದರದ್ದಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆಗಿರುತ್ತವೆ, ಬಣ್ಣವೂ ಊಟವೂ ಅವುಗಳಿಂದ. ಬೆಳಕು, ಶಾಖ ತಡೆಯಲಾರದಷ್ಟಾದರೆ ಹವಳ ಅವುಗಳನ್ನು ಹೊರಗೆ ಹಾಕಿಬಿಡುತ್ತದೆ. ಸಂಜೆ ತೊಟ್ಟಿಯ ದೀಪ ಆರಿದ ಮೇಲೆ ನೋಡಿ. ಗಾಜಿನಂತೆ ತೆಳ್ಳಗೆ ಬೆರಳು ಚಾಚಿದರೆ ಜೀವ ಇದೆ. ಅದನ್ನು ಬೆಳಕಿಗೆ ತನ್ನಿ, ಅಡಗಿಸಬೇಡಿ, ಆದರೆ ಎರಡನೇ ಗೆರೆಯ ಬೆಳಕಿಗೆ. ಮೀನಂಗಡಿಯ ಸೀಗಡಿಯನ್ನು ಸಾಸಿವೆಕಾಳಿನಷ್ಟು ಹೆಚ್ಚಿ, ವಾರಕ್ಕೆ ಎರಡು ಸಲ ಇಕ್ಕಳದಿಂದ ಬೆರಳಿಗೆ ತಾಗಿಸಿ. ಬಣ್ಣ ಬರಲು ತಿಂಗಳುಗಟ್ಟಲೆ ಆಗಬಹುದು. ಬರದೆಯೂ ಹೋಗಬಹುದು.

ಷರತ್ತು ಸೋತಿದ್ದೀರಿ, ಅದರಲ್ಲಿ ಎರಡು ಮಾತಿಲ್ಲ. ಕಳಿಸಬಾರದೆಂದೇ ನಾನು ಅಂದುಕೊಂಡಿದ್ದೆ. ನಿಮ್ಮ ಪತ್ರವನ್ನು ಈ ಸಲ ಒಡೆಯಬೇಡ ಎಂದು ಸಾಸಿವೆಗೆ ಹೇಳಿದ್ದೆ. ಹೇಳಿದ ಮೇಲೆ ಒಡೆದಳು. ಮಾರನೇ ಬೆಳಗ್ಗೆ ತಿಂಡಿ ತಟ್ಟೆಯ ಪಕ್ಕ ಒಂದು ಚೀಟಿ ಇಟ್ಟಿದ್ದಳು. "ಅದನ್ನು ನಾನು ನೋಡಿಕೊಳ್ಳಬೇಕು. ಅಜ್ಜನಿಗೆ ಒಬ್ಬರಿಗೇ ಆಗಲ್ಲ."

ಏಪ್ರಿಲ್ ಹದಿನೈದಕ್ಕೆ ಕರೆದುಕೊಂಡು ಬರುತ್ತೇನೆ. ಅವಳು ಬರುತ್ತಿರುವುದು ಹವಳಕ್ಕೆ, ನಿಮಗಲ್ಲ. ಅದು ನೆನಪಿದ್ದರೆ ಸಾಕು. ಅವಳನ್ನು ಏನೂ ಕೇಳಬೇಡಿ, ಉತ್ತರ ಬೇಕಾದ ಯಾವ ಮಾತನ್ನೂ. ಯಾರನ್ನೂ ಮನೆಗೆ ಕರೆಯಬೇಡಿ. ಅಟ್ಟದ ದೀಪ ನಾಟಕಶಾಲೆಗೆ ವಾಪಸ್ ಕೊಡಿ.

ಚಿಕ್ಕವಳಿದ್ದಾಗ ನಿಮ್ಮ ದೀಪದ ಮನೆಯಲ್ಲಿ, ನಿಮ್ಮ ಕಾಲ ಹತ್ತಿರ, ಕತ್ತಲಲ್ಲಿ ಕೂತು ನಾಟಕ ನೋಡುತ್ತಿದ್ದೆ. ನನಗೆ ಇಷ್ಟವಿದ್ದದ್ದು ವೇದಿಕೆಯಲ್ಲ, ಆ ಜಾಗ. ಇದನ್ನು ನಿಮಗೆ ಯಾವಾಗಲಾದರೂ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಮಗಳು


ಏಪ್ರಿಲ್ 30

ಮಗಳೇ,

ನೀನು ಬಿಟ್ಟು ಹೋಗಿ ಹದಿನೈದು ದಿನವಾಯಿತು. ವರದಿ.

ದೀಪ ವಾಪಸ್ ಕೊಟ್ಟೆ. ಬಣ್ಣದವನು ತಾನೇ ಹೊತ್ತುಕೊಂಡು ಹೋದ. ಗುರುಗಳೇ ನನ್ನಿಂದಲೇ ಆಯ್ತು ಅಂದ. ನಿನ್ನಿಂದ ಅಲ್ಲ ಮಾರಾಯ ಅಂದೆ.

ಮೊದಲ ಮೂರು ದಿನ ಸಾಸಿವೆ ಅಜ್ಜಿಯ ಮೆಷಿನ್ನಿನ ಹಿಂದೆ ಕೂತಿದ್ದಳು. ನಾನು ನೆಲದ ಮೇಲೆ ಕೂತು ವೈರು ಸುತ್ತಿದೆ. ಮನೆಯಲ್ಲಿ ಸುತ್ತದ ವೈರು ಮುಗಿದುಹೋಯಿತು, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ. ನಾಲ್ಕನೇ ದಿನ ಅವಳು ಬಂದು ತೊಟ್ಟಿಯ ಮುಂದೆ ಕೂತಳು. ಕಾವಲು ಮೀನು ಹೊರಗೆ ಬಂತು. ಅವಳು ನನ್ನ ಕಡೆ ನೋಡಿದಳು. ನಾನು ಮೀನಿನ ಕಡೆ ನೋಡಿದೆ.

ಹವಳಕ್ಕೆ ಊಟ ಅವಳದ್ದೇ ಕೆಲಸ. ಸೀಗಡಿ ಹೆಚ್ಚುವುದು ನನ್ನದು. ದೊಡ್ಡದಾಗಿ ಹೆಚ್ಚಿದರೆ ಬೆರಳಿಂದ ತೋರಿಸಿ ವಾಪಸ್ ಕೊಡುತ್ತಾಳೆ. ನನ್ನ ಗಂಟಲು ನೀನು ಕೇಳಿದರೆ ಗುರುತಿಸಲಾರೆ. ಸೈಕಲ್ ಅಂಗಡಿಯವನು ಗಂಟಲಿಗೆ ಔಷಧಿ ಹೇಳಿದ್ದಾನೆ. ಮಾತಾಡಿದ್ದೆಲ್ಲ ನಾನೇ, ಅದೂ ಉತ್ತರ ಬೇಡದ ಮಾತು. ನೀರು ಆರಿದೆ, ಟೇಪಿಗಿಂತ ಎರಡು ಬೆರಳು ಕೆಳಗೆ. ಗಂಡ ಇವತ್ತು ಬೈಸಿಕೊಂಡ. ಇಂಥವು.

ಹವಳದ ಬುಡದಲ್ಲಿ, ಒಂದು ಮೂಲೆಯಲ್ಲಿ, ಮಬ್ಬಾಗಿ ಕಂದು ಛಾಯೆ ಕಾಣಿಸುತ್ತಿದೆ. ನನ್ನ ಕಣ್ಣಿನ ಆಸೆಯೋ ಏನೋ ಎಂದು ಯಾರಿಗೂ ಹೇಳಿರಲಿಲ್ಲ. ಹವಳ ಬೆಳ್ಳಗಾದ ಮೇಲೆ ದೀಪದ ಗುಂಡಿಯನ್ನು ಎರಡರಿಂದ ಮೇಲೆ ನಾನು ಮುಟ್ಟಿಲ್ಲ. ಕೈ ಹೋಗುತ್ತಿರಲಿಲ್ಲ.

ಇವತ್ತು ಸಂಜೆ ಇಬ್ಬರೂ ಕೂತಿದ್ದೆವು. ಸಾಸಿವೆ ಗಾಜಿಗೆ ಹಣೆ ಆನಿಸಿ ಆ ಮೂಲೆಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗದೆಯೇ ಹೇಳಿದಳು. ಸಣ್ಣ ಧ್ವನಿ, ಆದರೆ ಸ್ಪಷ್ಟ. ಪ್ರತಿ ಅಕ್ಷರವೂ ಕೊನೆಯ ಸಾಲಿನವರೆಗೆ ಕೇಳುವಂಥದ್ದು.

"ಅಜ್ಜಾ, ಇನ್ನೊಂದು ಗೆರೆ."

ಮೆಷಿನ್ ತುಳಿಯುತ್ತಿದ್ದ ನಿಮ್ಮಮ್ಮನ ಕಾಲು ನಿಂತಿತು. ನಾನು ಅವಳ ಕಡೆ ನೋಡಲಿಲ್ಲ, ಸಾಸಿವೆಯ ಕಡೆಯೂ ನೋಡಲಿಲ್ಲ. ಭಲೇ ಅನ್ನಲಿಲ್ಲ. ಎದ್ದು ಹೋಗಿ ಗುಂಡಿ ಹಿಡಿದೆ.

ಒಂದೇ ಗೆರೆ ಏರಿಸಿದೆ.

ಅಪ್ಪ